ಹುಡುಗರು ಕೇಪಿನ ಕೋವಿಯನ್ನು ಕದ್ದು ಕಲಿಯಬೇಕೆ?

ಭತ್ತ ತೆನೆ ಕಟ್ಟುವ ಹೊತ್ತಿಗೆ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ್ದ ಕೇಪಿನ ಕೋವಿ ಕೆಳಗಿಳಿಯುತ್ತದೆ. ಹಂದಿ ಹಿಂಡು ಗದ್ದೆಗೆ ನುಗ್ಗಿತೆಂದರೆ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಹೋಯಿತು. ಆದ್ದರಿಂದ ಕೋವಿ ಇಟ್ಟುಕೊಂಡ ರೈತನನ್ನು ಕಳ್ಳನ ಹಾಗೆ ನೋಡುವವರ ಸಾಲಿನಲ್ಲಿ ನಾವಿಲ್ಲ. 1959ರ ಆಯುಧ ಕಾಯ್ದೆಯೇ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಟ್ಟು ಹೇಳಿ, ನಿಜವಾಗಿ ಬೆಳೆ ಕಾಯುವವನಿಗೆ ಅದರ ಲೈಸೆನ್ಸಿಗೆ ದಾರಿ ಮಾಡಿದೆ. ಇವತ್ತು ನಮ್ಮ ಮಾತು ಯಜಮಾನರ ಬಗ್ಗೆ ಅಲ್ಲ. ಆ ಮನೆಯ ಹದಿನೈದು ಹದಿನಾರರ ಹುಡುಗನ ಬಗ್ಗೆ.

ಆ ಹುಡುಗನಿಗೆ ಮನೆಯಲ್ಲಿ ಸಿಗುವ ಪಾಠ ಒಂದೇ: "ಮುಟ್ಟಬೇಡ." ಅಪ್ಪ ಮದ್ದು ಸುರಿಯುವುದನ್ನು, ನಾರು ಜಡಿಯುವುದನ್ನು, ಚರೆ ಹಾಕುವುದನ್ನು ಅವನು ಚಿಕ್ಕಂದಿನಿಂದ ನೋಡಿರುತ್ತಾನೆ. ಯಾಕೆ ಹಾಗೆ ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ. ಅಪ್ಪ ಪೇಟೆಗೆ ಹೋದ ದಿನ ನಾಲ್ಕು ಜನ ಸ್ನೇಹಿತರು ಸೇರುತ್ತಾರೆ, ಕೋವಿ ಇಳಿಯುತ್ತದೆ. ಉಳಿದ ಪಾಠ ಮೊಬೈಲಿನಲ್ಲಿ. ಹಂದಿ ಅಂತ ತಿಳಿದು ಪೊದೆ ಅಲುಗಿದ ಕಡೆಗೆ ಈಡು ಹಾರಿಸಿ, ಜೊತೆಗೆ ಬಂದವನೇ ಬಿದ್ದ ಸುದ್ದಿ ಮಲೆನಾಡಿಗೆ ಹೊಸದೇನಲ್ಲ.

ತೋಟಾ ಕೋವಿಯಾದರೆ ನಳಿಗೆ ಮುರಿದು ನೋಡಿದರೆ ಒಳಗೇನಿದೆ ಅಂತ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿ ಹಾಗಲ್ಲ. ಈಡು ತುಂಬಿದೆಯೋ ಖಾಲಿಯೋ ಹೊರಗಿನಿಂದ ತಿಳಿಯದು. ತುಂಬಿದ್ದು ಗೊತ್ತಿಲ್ಲದೆ ಇನ್ನೊಂದು ಈಡು ತುಂಬಿದರೆ ನಳಿಗೆ ಸಿಡಿಯಬಹುದು. ಅದಕ್ಕೇ ತಿಳಿದವರು ಮದ್ದು ಜಡಿಯುವ ಸಲಾಕೆಯ ಮೇಲೆ ಗೀರು ಹಾಕಿಟ್ಟಿರುತ್ತಾರೆ. ಖಾಲಿ ಕೋವಿಯಲ್ಲಿ ಸಲಾಕೆ ಗೀರಿನವರೆಗೂ ಇಳಿಯುತ್ತದೆ. ಇಳಿಯದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಎಷ್ಟು ಮನೆಗಳಲ್ಲಿ ಈ ಗೀರು ಇದೆ?

ಗುಂಡು ಮದ್ದಿನ ಮೇಲೆ ಒತ್ತಿ ಕೂರಬೇಕು. ನಡುವೆ ಸಂದು ಬಿಟ್ಟರೆ ಅದೂ ನಳಿಗೆಗೆ ಕೇಡು. ತೋಟಾ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು ಹುಡುಗರ ಇನ್ನೊಂದು ಸಾಹಸ. ಅದರ ಜೋರು ಕರಿಮದ್ದಿನ ಲೆಕ್ಕಕ್ಕೆ ಬರುವುದಿಲ್ಲ. ಹಳೇ ನಳಿಗೆ ಅದನ್ನು ತಡೆಯದು. ಒಂದು ಈಡು ಹಾರಿದ ಮೇಲೆ ಒಳಗೆ ಕೆಂಡದ ಚೂರು ಉಳಿದಿದ್ದರೆ, ಆಗಲೇ ಸುರಿದ ಮದ್ದು ಮುಖಕ್ಕೇ ಹತ್ತುತ್ತದೆ. ಅದಕ್ಕೇ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಮುಂದಿನ ಈಡು. ಮದ್ದಿನ ಡಬ್ಬಿಯಿಂದ ನೇರವಾಗಿ ಸುರಿಯಲೇ ಕೂಡದು, ಅಳತೆಯಿಂದ ಸುರಿಯಬೇಕು. ಕುದುರೆ ಬಿದ್ದು, ಕೇಪು ಸಿಡಿದು, ಈಡು ಹಾರದಿದ್ದರೆ "ಏನಾಯ್ತು" ಅಂತ ಬಾಯಿಗೆ ಕಣ್ಣಿಟ್ಟು ನೋಡಬಾರದು. ಬಾಯಿಯನ್ನು ಜನರಿಲ್ಲದ ಕಡೆ ಹಿಡಿದು ಒಂದೆರಡು ನಿಮಿಷ ಸುಮ್ಮನಿರಬೇಕು; ತಡವಾಗಿ ಹಾರುವುದುಂಟು. ಕೇಪು ಇಡುವುದು ಎಲ್ಲಕ್ಕಿಂತ ಕೊನೆಗೆ. ಇಷ್ಟೆಲ್ಲ "ಮುಟ್ಟಬೇಡ" ಅನ್ನುವ ಒಂದು ಮಾತಿನಲ್ಲಿ ಎಲ್ಲಿದೆ, ಸ್ವಾಮಿ?

ಕಾನೂನು ಏನು ಹೇಳುತ್ತದೆ? ಕೋವಿ ಇಟ್ಟುಕೊಳ್ಳುವ ವಯಸ್ಸು ಮೊದಲು 16 ಇತ್ತು. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. ಆದರೆ ಕಲಿಯುವ ಬಾಗಿಲನ್ನು ಅದು ಮುಚ್ಚಲಿಲ್ಲ. 12 ತುಂಬಿದವರು ಲೈಸೆನ್ಸುದಾರನ ಅಥವಾ ತರಬೇತಿ ಕೊಡುವವನ ಕಣ್ಣೆದುರಿಗೆ ಅಭ್ಯಾಸ ಮಾಡಲು ನಿಯಮದಲ್ಲೇ ಅವಕಾಶವಿದೆ. ಅಂದರೆ ಹುಡುಗ ಒಬ್ಬನೇ ಕೋವಿ ಹೊತ್ತರೆ ತಪ್ಪು, ದೊಡ್ಡವರ ಮುಂದೆ ಗುರಿ ಕಲಿತರೆ ತಪ್ಪಲ್ಲ. ಗುರಿ ಅಂದರೆ ತೆಂಗಿನಕಾಯಿ, ಮೊಲ, ಕಡವೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಡುಗಾಟ ಅಂತ ಯಾರನ್ನೂ ಬಿಡುವುದಿಲ್ಲ.

ಪಕ್ಕದ ಕೊಡಗನ್ನು ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಆ ವಿನಾಯಿತಿ ನಮಗೂ ಬೇಕು ಅಂತ ನಾವು ಕೇಳುತ್ತಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ಹೂವಿಟ್ಟು ಪೂಜಿಸಿ, ಊರವರ ಮುಂದೆ ತೆಂಗಿನಕಾಯಿಗೆ ಗುರಿ ಇಡುವ ಪದ್ಧತಿ ಅಲ್ಲಿದೆ. ಕೋವಿ ಅಲ್ಲಿ ಹಗಲಿನ ವಸ್ತು, ಹಿರಿಯರ ಮುಂದಿನ ವಸ್ತು. ನಮ್ಮಲ್ಲಿ ಅದು ಕತ್ತಲೆಯ ವಸ್ತುವಾಗಿ ಕೂತಿದೆ.

ನಮ್ಮ ಕೇಳಿಕೆ ದೊಡ್ಡದಲ್ಲ. ಪೊಲೀಸು ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುವ ಪದ್ಧತಿ ರಾಜ್ಯದಲ್ಲಿ ಇದ್ದೇ ಇದೆ. ಅದರಲ್ಲಿ ಒಂದು ದಿನವನ್ನು ಕೇಪಿನ ಕೋವಿಗೆ ಮೀಸಲಿಟ್ಟು, ಹೋಬಳಿ ಮಟ್ಟಕ್ಕೆ ತರಲಿ. ಲೈಸೆನ್ಸುದಾರ ತನ್ನ ಮಗನನ್ನೋ ಮಗಳನ್ನೋ ಜೊತೆಗೆ ಕರೆತರಲಿ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳಲು ಗೊತ್ತಿರುವ ಇಲಾಖೆಗೆ ಅದೇ ಮನೆಗಳಿಗೆ ಒಂದು ನೋಟೀಸು ಕಳಿಸುವುದು ಕಷ್ಟವೇನಲ್ಲ.

ಯಜಮಾನರಿಗೂ ಒಂದು ಮಾತು. ಈಡು ತುಂಬಿದ ಕೋವಿಯನ್ನು ಗೋಡೆಗೆ ತೂಗುಹಾಕಬೇಡಿ. ಕೇಪು, ಮದ್ದು, ಕೋವಿ ಮೂರಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಬೀಗ. ಈಡು ಹಾರಿಸಿದ ದಿನವೇ ಬಿಸಿನೀರಿನಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ; ಕರಿಮದ್ದಿನ ಮಸಿ ನಮ್ಮ ಮಳೆಗಾಲದ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಆ ತೊಳೆಯುವ ಕೆಲಸಕ್ಕೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಾಠ ಅಲ್ಲಿಂದ ಶುರುವಾಗಲಿ, ಕುದುರೆ ಎಳೆಯುವುದರಿಂದ ಬೇಡ.