ಅಮೆರಿಕದ ಕಿರು ಪಿಕಪ್ ಬಂಡಿ ಎಲ್ಲಿ ಹೋಯಿತು?

ಯಂತ್ರಗಳ ಆಕಾರವನ್ನೂ ಗಾತ್ರವನ್ನೂ ನಿರ್ಧರಿಸುವವರು ಎಂಜಿನಿಯರುಗಳು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಬೇರೂರಿರುತ್ತದೆ. ಲೋಹದ ಬಲವೆಷ್ಟು, ಇಂಧನದಿಂದ ದೊರೆಯುವ ಶಾಖವೆಷ್ಟು, ಗಾಳಿಯ ತಡೆಯೆಷ್ಟು ಎಂದು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕ ಯಂತ್ರವನ್ನು ಅವರು ರಚಿಸುತ್ತಾರೆಂದು ನಾವು ನಂಬುತ್ತೇವೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧದಲ್ಲಿ ಸುಂಕದ ಕಟ್ಟೆಯೂ ಕಾನೂನಿನ ಪುಸ್ತಕವೂ ಸೇರಿಕೊಂಡಿರುತ್ತವೆ. ಇದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಕಿರು ಪಿಕಪ್ ಬಂಡಿಗಳಿಗೆ ಒದಗಿದ ಗತಿಗಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಮುಂದೆ ಕುಳಿತುಕೊಳ್ಳುವ ಗೂಡು, ಹಿಂದೆ ತೆರೆದ ಸಾಮಾನು ತೊಟ್ಟಿ: ಇದು ಪಿಕಪ್. ಅಮೆರಿಕದ ರೈತನಿಗೂ ಬಡಗಿಗೂ ನಲ್ಲಿ ಕೆಲಸದವನಿಗೂ ಇದು ಎತ್ತಿನ ಬಂಡಿಯಿದ್ದಂತೆ. 1959ರಲ್ಲಿ ಜಪಾನಿನ ಡಾಟ್ಸನ್ ಸಂಸ್ಥೆ ಅಲ್ಲಿಗೆ ಒಂದು ಪುಟ್ಟ ಪಿಕಪ್ಪನ್ನು ತಂದು ಮಾರತೊಡಗಿತು. ಎಪ್ಪತ್ತರ ದಶಕದ ತೈಲದ ಬಿಕ್ಕಟ್ಟಿನಲ್ಲಿ ಇಂಥ ಬಂಡಿಗಳ ಬೆಲೆ ಜನರಿಗೆ ತಿಳಿಯಿತು. ಅಮೆರಿಕದ ಫೋರ್ಡ್ ಸಂಸ್ಥೆ ತಾನೇ ರೇಂಜರ್ ಎಂಬ ಕಿರು ಪಿಕಪ್ಪನ್ನು 1982ರಲ್ಲಿ ಹೊರತಂದಿತು. 1999ರಲ್ಲಿ ಒಂದೇ ವರ್ಷ 3 ಲಕ್ಷ 40 ಸಾವಿರಕ್ಕೂ ಹೆಚ್ಚು ರೇಂಜರುಗಳು ಮಾರಾಟವಾದವು. ಆದರೆ 2011ರ ಡಿಸೆಂಬರಿನಲ್ಲಿ ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಿದ್ದ ಅದರ ಕಾರ್ಖಾನೆಯ ಬಾಗಿಲು ಮುಚ್ಚಿತು. ಡಾಡ್ಜ್ ಸಂಸ್ಥೆಯ ಡಕೋಟ ಎಂಬ ನಡುಗಾತ್ರದ ಬಂಡಿಯೂ ಅದೇ ವರ್ಷ ನಿಂತಿತು. 2019ರಲ್ಲಿ ರೇಂಜರ್ ಎಂಬ ಹೆಸರು ಮರಳಿ ಬಂದಿತಾದರೂ ಬಂದುದು ಹೆಸರು ಮಾತ್ರ; ಅದನ್ನು ಹೊತ್ತ ಬಂಡಿ ಹಿಂದಿನದಕ್ಕಿಂತ ಬಹಳ ದೊಡ್ಡದು.

ಎಷ್ಟು ಬೆಳೆಯಿತೆಂಬುದನ್ನು ಅಳತೆಯಿಂದಲೇ ನೋಡೋಣ. 1983ರ ಮಾದರಿಯ ಗಿಡ್ಡ ರೇಂಜರಿನ ಉದ್ದ ಸುಮಾರು 4.5 ಮೀಟರು, ಅಗಲ 1.7 ಮೀಟರು, ತೂಕ ಸುಮಾರು 1,250 ಕಿಲೋಗ್ರಾಂ. ಇಂದು ಅಮೆರಿಕದಲ್ಲಿ ಬಹುಮಂದಿ ಕೊಳ್ಳುವ ನಾಲ್ಕು ಬಾಗಿಲಿನ ಎಫ್-150 ಬಂಡಿಯ ಉದ್ದ ಸುಮಾರು 5.9 ಮೀಟರು, ಅಗಲ 2 ಮೀಟರಿಗಿಂತ ಸ್ವಲ್ಪ ಹೆಚ್ಚು, ತೂಕ 2,200 ಕಿಲೋಗ್ರಾಮಿನ ಆಸುಪಾಸು. ವಿಚಿತ್ರವೆಂದರೆ, ಹಳೆಯ ಪುಟ್ಟ ರೇಂಜರಿನ ಸಾಮಾನು ತೊಟ್ಟಿ 6 ಅಡಿ ಉದ್ದವಿದ್ದರೆ, ಈ ದೈತ್ಯನ ತೊಟ್ಟಿ ಸಾಮಾನ್ಯವಾಗಿ ಐದೂವರೆ ಅಡಿ! ಬಂಡಿ ಒಂದೂವರೆ ಮೀಟರಿನಷ್ಟು ಬೆಳೆದಿದೆ, ಹೊರೆ ಹಾಕುವ ಜಾಗ ಕುಗ್ಗಿದೆ. ಬೆಳೆದುದು ಕುಳಿತುಕೊಳ್ಳುವ ಗೂಡು ಮತ್ತು ಮುಂಭಾಗದ ಮೂತಿ. (ನಮ್ಮ ಪೇಟೆಗಳಲ್ಲಿ ಸಂಚರಿಸುವ ಟಾಟಾ ಏಸ್ 2005ರಲ್ಲಿ ಬಂದಾಗ ಅದರ ಉದ್ದ 3.8 ಮೀಟರು, ಹೊರುವ ಭಾರ 750 ಕಿಲೋಗ್ರಾಂ ಎಂಬುದನ್ನು ವಾಚಕರು ಹೋಲಿಕೆಗಾಗಿ ನೆನಪಿಡಬಹುದು.)

ಈ ಬೆಳವಣಿಗೆಯ ಮೂಲವನ್ನು ಹುಡುಕುತ್ತ ಹೋದರೆ ನಾವು ತಲಪುವುದು ಕೋಳಿಗಳ ಬಳಿಗೆ. ಇದು ಹಾಸ್ಯವಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಕೋಳಿ ಸಾಕಣೆ ಕಾರ್ಖಾನೆಯ ಉದ್ಯೋಗದಂತಾಗಿ ಮಾಂಸದ ಬೆಲೆ ಬಹಳ ಇಳಿಯಿತು. ಅಗ್ಗದ ಆ ಕೋಳಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಯನ್ನು ತುಂಬತೊಡಗಿದಾಗ, ಯೂರೋಪಿನ ಆರ್ಥಿಕ ಸಮುದಾಯ 1962ರಲ್ಲಿ ಅದರ ಮೇಲಿನ ಸುಂಕವನ್ನು ಏರಿಸಿತು. ಅಮೆರಿಕಕ್ಕೆ ಕೋಪ ಬಂದಿತು. ಅಂತರರಾಷ್ಟ್ರೀಯ ಮಂಡಲಿಯೊಂದು ಅಮೆರಿಕದ ನಷ್ಟವನ್ನು 2 ಕೋಟಿ 60 ಲಕ್ಷ ಡಾಲರುಗಳೆಂದು ನಿರ್ಣಯಿಸಿತು. ಅದಕ್ಕೆ ಪ್ರತೀಕಾರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ನಾಲ್ಕು ಆಮದು ಸರಕುಗಳ ಮೇಲೆ ಸುಂಕ ಹೇರಿದನು: ಆಲೂಗಡ್ಡೆಯ ಗಂಜಿಪುಡಿ, ಡೆಕ್‌ಸ್ಟ್ರಿನ್, ಬ್ರಾಂದಿ ಮತ್ತು ಹಗುರ ಲಾರಿ. ಕೊನೆಯದರ ಗುರಿ ಜರ್ಮನಿಯ ಫೋಕ್ಸ್‌ವ್ಯಾಗನ್. ಉಳಿದ ಮೂರರ ಮೇಲಿನ ಸುಂಕ ಕಾಲಾನಂತರದಲ್ಲಿ ಹೋಯಿತು. ಹಗುರ ಲಾರಿಗಳ ಮೇಲಿನ ನೂರಕ್ಕೆ 25ರ ಸುಂಕ ಮಾತ್ರ ಅರುವತ್ತು ವರ್ಷಗಳಾದ ಮೇಲೂ ಕಾನೂನಿನಲ್ಲಿ ಉಳಿದಿದೆ. ಜಗಳವಾಡಿದ ಕೋಳಿಗಳು ಎಂದೋ ಸತ್ತುಹೋದವು. ದಂಡ ತೆರುತ್ತಿರುವುದು ಬಂಡಿಗಳು.

ಸುಂಕವಿದ್ದಲ್ಲಿ ಉಪಾಯವೂ ಇರುವುದಷ್ಟೆ. ಜಪಾನಿನವರು ಹಿಂದಿನ ತೊಟ್ಟಿಯಿಲ್ಲದೆ ಬರಿಯ ಗೂಡು ಮತ್ತು ಚೌಕಟ್ಟನ್ನು ಹಡಗಿಗೇರಿಸಿ, ನೂರಕ್ಕೆ 4ರ ಸುಂಕ ತೆತ್ತು, ಅಮೆರಿಕದ ನೆಲದ ಮೇಲೆ ತೊಟ್ಟಿಯನ್ನು ಜೋಡಿಸಿದರು. 1980ರಲ್ಲಿ ಆ ದಾರಿ ಮುಚ್ಚಿತು. ಸುಬಾರು ಸಂಸ್ಥೆಯವರು ತೊಟ್ಟಿಯಲ್ಲಿ ಹಿಮ್ಮುಖವಾಗಿ ಎರಡು ಆಸನಗಳನ್ನು ಕೂರಿಸಿ, ಇದು ಲಾರಿಯಲ್ಲ, ಪ್ರಯಾಣಿಕರ ಗಾಡಿ ಎಂದರು. ಫೋರ್ಡಿನವರು ಇನ್ನೂ ಮುಂದೆ ಹೋದರು. ತುರ್ಕಿಯಲ್ಲಿ ತಯಾರಾದ ಸಾಮಾನು ವ್ಯಾನುಗಳಿಗೆ ಹಿಂಬದಿಯ ಆಸನಗಳನ್ನೂ ಕಿಟಕಿಗಳನ್ನೂ ಅಳವಡಿಸಿ ತಂದು, ಅಮೆರಿಕದ ರೇವಿನಲ್ಲಿ ಇಳಿಸಿದೊಡನೆ ಅವುಗಳನ್ನು ಕಿತ್ತುಹಾಕುತ್ತಿದ್ದರು. 2019ರಲ್ಲಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. 2024ರಲ್ಲಿ ಆ ಸಂಸ್ಥೆ 36 ಕೋಟಿ 50 ಲಕ್ಷ ಡಾಲರು ಕೊಡಲೊಪ್ಪಿ ವ್ಯಾಜ್ಯವನ್ನು ಮುಗಿಸಿಕೊಂಡಿತು. ಆಸನವನ್ನು ಕೂರಿಸಿ ಕೀಳುವುದರಲ್ಲಿ ಎಷ್ಟು ಎಂಜಿನಿಯರುಗಳ ಎಷ್ಟು ದಿನಗಳು ವ್ಯರ್ಥವಾದವೋ! ಸುಂಕ ಸ್ಪರ್ಧೆಯನ್ನು ಪೂರ್ತಿ ಕೊಲ್ಲಲಿಲ್ಲ, ನಿಜ. ನಿಸಾನ್ ಸಂಸ್ಥೆ 1983ರಲ್ಲಿ ಟೆನೆಸಿಯಲ್ಲಿಯೇ ಕಾರ್ಖಾನೆ ತೆರೆದು ಪಿಕಪ್ಪುಗಳನ್ನು ತಯಾರಿಸಿತು. ಆದರೆ ಕಾರ್ಖಾನೆ ಕಟ್ಟುವುದು ಲಕ್ಷಗಟ್ಟಲೆ ಮಾರಾಟವಾಗುವ ಮಾದರಿಗೆ ಮಾತ್ರ ಕಟ್ಟುಬೀಳುತ್ತದೆ. ಕಡಮೆ ಲಾಭದ ಅಗ್ಗದ ಪುಟ್ಟ ಬಂಡಿಗೆ ಹೊರಗಿನಿಂದ ಬರುವ ದಾರಿ ಮುಚ್ಚಿಯೇ ಉಳಿಯಿತು.

ಎರಡನೆಯ ಕಾರಣ ಹೆಚ್ಚು ಸೂಕ್ಷ್ಮವಾದುದು, ಭೌತಶಾಸ್ತ್ರದ ವಿದ್ಯಾರ್ಥಿಗೆ ಹೆಚ್ಚು ಸ್ವಾರಸ್ಯವಾದುದು. ತೈಲದ ಬಿಕ್ಕಟ್ಟಿನ ನಂತರ, 1975ರಲ್ಲಿ, ಗ್ಯಾಲನ್ ಒಂದಕ್ಕೆ ಬಂಡಿಗಳು ಸರಾಸರಿ ಇಷ್ಟು ಮೈಲಿ ಓಡಲೇಬೇಕೆಂದು ವಿಧಿಸುವ ಕಾನೂನನ್ನು ಅಮೆರಿಕ ಮಾಡಿತು. ಎಲ್ಲ ಗಾತ್ರದ ಬಂಡಿಗಳಿಗೂ ಒಂದೇ ಗುರಿಯಿಟ್ಟರೆ ತಯಾರಕರು ಕಾರುಗಳನ್ನು ಕುಗ್ಗಿಸುತ್ತ ಹೋಗಿ ಪ್ರಯಾಣಿಕರ ಪ್ರಾಣಕ್ಕೆ ಅಪಾಯ ತರುವರೆಂಬ ಶಂಕೆ ಹುಟ್ಟಿತು. ಆದುದರಿಂದ ಹೊಸ ಅಳತೆಗೋಲನ್ನು ಯೋಚಿಸಿದರು. ನಾಲ್ಕು ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ರೇಖೆಗಳಿಂದ ಸೇರಿಸಿದರೆ ಒಂದು ಆಯತವಾಗುವುದಷ್ಟೆ. ಅದರ ವಿಸ್ತೀರ್ಣವನ್ನು ಆಧಾರವಾಗಿಟ್ಟುಕೊಂಡು ಪ್ರತಿಯೊಂದು ಬಂಡಿಗೂ ಪ್ರತ್ಯೇಕವಾದ ಗುರಿಯನ್ನು ನಿಗದಿ ಮಾಡಿದರು. ಆಯತ ಚಿಕ್ಕದಾದರೆ ಗುರಿ ಕಠಿಣ, ದೊಡ್ಡದಾದರೆ ಗುರಿ ಸಡಿಲ. ಹಗುರ ಲಾರಿಗಳಿಗೆ ಈ ವಿಧಾನ 2008ರ ಮಾದರಿಗಳಿಂದ ಐಚ್ಛಿಕವಾಗಿಯೂ 2011ರಿಂದ ಕಡ್ಡಾಯವಾಗಿಯೂ ಜಾರಿಗೆ ಬಂದಿತು.

ಹಳೆಯ ರೇಂಜರಿನ ಆಯತ ಸುಮಾರು 4 ಚದರ ಮೀಟರು. ಎಫ್-150ರದು 6 ಚದರ ಮೀಟರಿಗೂ ಹೆಚ್ಚು. ಪುಟ್ಟ ಪಿಕಪ್ಪಿನ ಪಾಡನ್ನು ಈಗ ಊಹಿಸಿ. ಅದರ ನೆಲದ ಅಳತೆ ಒಂದು ಚಿಕ್ಕ ಕಾರಿನಷ್ಟು, ಆದರೆ ಗಾಳಿಗೆ ಎದುರಾಗುವ ಮೈ ಲಾರಿಯದು, ಭಾರ ಹೊರುವ ಚೌಕಟ್ಟೂ ಲಾರಿಯದು. ಅದಕ್ಕೆ ಅತ್ಯಂತ ಕಠಿಣವಾದ ಗುರಿ. ಚಕ್ರಗಳನ್ನು ದೂರ ದೂರ ಸರಿಸಿ ಬಂಡಿಯನ್ನು ಹಿಗ್ಗಿಸಿದರೆ ಗುರಿಯೇ ಕೆಳಗಿಳಿಯುತ್ತದೆ! ಎಂಜಿನನ್ನು ಸುಧಾರಿಸುವುದಕ್ಕಿಂತ ಚೌಕಟ್ಟನ್ನು ಉದ್ದಗೊಳಿಸುವುದು ಅಗ್ಗವಾದಾಗ, ಲಾಭ ನೋಡುವ ತಯಾರಕ ಯಾವುದನ್ನು ಆರಿಸುವನೆಂದು ಹೇಳಬೇಕಾಗಿಲ್ಲ.

ಇಲ್ಲಿ ನಾವು ನ್ಯಾಯವಾಗಿ ಮಾತನಾಡಬೇಕು. ಕಿರು ಪಿಕಪ್ಪುಗಳ ಇಳಿಗಾಲ ಈ ಕಾನೂನಿಗಿಂತ ಮೊದಲೇ ಆರಂಭವಾಗಿತ್ತು. ರೇಂಜರಿನ ಮಾರಾಟ 2010ರ ಹೊತ್ತಿಗೆ 55 ಸಾವಿರದಷ್ಟಕ್ಕೆ ಕುಸಿದಿತ್ತು. ಹಲವು ವರ್ಷಗಳಿಂದ ಆ ಬಂಡಿಯನ್ನು ಹೊಸದಾಗಿ ರಚಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅಗ್ಗದ ಪೆಟ್ರೋಲು, ಇಡೀ ಸಂಸಾರವನ್ನು ಕೂರಿಸಿಕೊಳ್ಳುವ ಆಸೆ, ದೊಡ್ಡ ಬಂಡಿಯಲ್ಲಿ ತಯಾರಕನಿಗೆ ದೊರೆಯುವ ದೊಡ್ಡ ಲಾಭ ಇವೆಲ್ಲವೂ ಸೇರಿದ್ದವು. ಕಾನೂನು ಕಿರು ಪಿಕಪ್ಪನ್ನು ಕೊಂದಿತೆಂದು ಹೇಳುವವರು ಆದುದರಿಂದ ಉತ್ಪ್ರೇಕ್ಷೆ ಮಾಡುತ್ತಾರೆ. ಅದು ಮತ್ತೆ ಹುಟ್ಟದಂತೆ ಕಾನೂನು ತಡೆಯಿತು ಎಂದರೆ ಸರಿಯಾದೀತು.

‘ಜನರಿಗೆ ಬೇಕಾದುದು ದೊಡ್ಡ ಬಂಡಿ, ಅದನ್ನೇ ಕೊಡುತ್ತಿದ್ದೇವೆ’ ಎಂಬುದು ತಯಾರಕರ ವಾದ. ಈ ವಾದವನ್ನು ಪೂರ್ತಿ ಒಪ್ಪಲಾರೆ. 2021ರಲ್ಲಿ ಫೋರ್ಡ್ ಸಂಸ್ಥೆಯೇ ಮ್ಯಾವರಿಕ್ ಎಂಬ ಸಣ್ಣ ಪಿಕಪ್ಪನ್ನು 20 ಸಾವಿರ ಡಾಲರಿಗೆ ಐದು ಡಾಲರು ಕಡಮೆ ಆರಂಭ ಬೆಲೆಗೆ ಮಾರಾಟಕ್ಕಿಟ್ಟಾಗ, ಮುಂಗಡ ಕೇಳಿಕೆಗಳು ಎಷ್ಟು ಬಂದುವೆಂದರೆ, 2022ರ ಜನವರಿಯಲ್ಲಿಯೇ ಆ ವರ್ಷದ ಮಾದರಿಗೆ ಕೇಳಿಕೆ ಪಡೆಯುವುದನ್ನು ನಿಲ್ಲಿಸಬೇಕಾಯಿತು. ಎಂಜಿನ್ ಮತ್ತು ವಿದ್ಯುತ್ ಮೋಟಾರುಗಳೆರಡನ್ನೂ ಹೊಂದಿರುವ ಅದರ ಮಾದರಿ 680 ಕಿಲೋಗ್ರಾಂ ಹೊತ್ತೀತು. ಸರ್ಕಾರಿ ಪರೀಕ್ಷೆಯಲ್ಲಿ ಲೀಟರಿಗೆ ಸುಮಾರು 16 ಕಿಲೋಮೀಟರು ಓಡಿತು. ಕಠಿಣ ಗುರಿಯನ್ನೂ ಮುಟ್ಟಬಹುದೆಂದು ಇದರಿಂದ ತಿಳಿಯಿತು. ಇನ್ನೊಂದು ಸಾಕ್ಷ್ಯವೂ ಉಂಟು. 25 ವರ್ಷ ಹಳೆಯದಾದ ಪರದೇಶದ ಬಂಡಿಗೆ ಅಮೆರಿಕದ ಸುರಕ್ಷತಾ ನಿಯಮಗಳಿಂದ ವಿನಾಯಿತಿಯಿರುವುದರಿಂದ, ಅಲ್ಲಿನ ಕೃಷಿಕರು ಜಪಾನಿನಿಂದ 660 ಘನ ಸೆಂಟಿಮೀಟರು ಎಂಜಿನಿನ, 3.4 ಮೀಟರು ಉದ್ದದ ಹಳೆಯ ಬಂಡಿಗಳನ್ನು ತರಿಸಿಕೊಳ್ಳುತ್ತಿದ್ದಾರೆ. ಹೊಸದು ಸಿಕ್ಕುವ ಕಡೆ ಹಳೆಯದಕ್ಕಾಗಿ ಯಾರೂ ಸಮುದ್ರ ದಾಟುವುದಿಲ್ಲ.

ಕೊಳ್ಳುವವನ ಇಷ್ಟ ಅವನಿಗೆ ಮಾತ್ರ ಸಂಬಂಧಿಸಿದ್ದಾದರೆ ನಾನು ಈ ಲೇಖನವನ್ನು ಬರೆಯುತ್ತಲೇ ಇರಲಿಲ್ಲ. ಬಂಡಿಯ ಗಾತ್ರ ದಾರಿಯಲ್ಲಿರುವ ಇತರರಿಗೂ ಸಂಬಂಧಿಸಿದೆ. ಅದನ್ನು ಸಂವೇಗದ ನಿಯಮದಿಂದ ಕಾಣಬಹುದು. 1,250 ಕಿಲೋಗ್ರಾಮಿನ ಬಂಡಿಯೂ 2,200 ಕಿಲೋಗ್ರಾಮಿನ ಬಂಡಿಯೂ ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಎದುರುಬದುರಾಗಿ ಢಿಕ್ಕಿ ಹೊಡೆದು ಒಂದಕ್ಕೊಂದು ಕಚ್ಚಿಕೊಂಡವೆನ್ನಿ. ಒಟ್ಟು ಸಂವೇಗ ಬದಲಾಗದು. ಲೆಕ್ಕ ಮಾಡಿದರೆ, ಎರಡೂ ಸೇರಿ ಭಾರದ ಬಂಡಿಯ ದಿಕ್ಕಿನಲ್ಲಿ ಗಂಟೆಗೆ ಸುಮಾರು 14 ಕಿಲೋಮೀಟರು ವೇಗದಿಂದ ಸಾಗುವುವು. ದೊಡ್ಡದರ ವೇಗದಲ್ಲಾದ ಬದಲಾವಣೆ 36, ಚಿಕ್ಕದರದು 64. ಬದಲಾವಣೆಗೆ ತಗಲುವ ಕಾಲ ಎರಡಕ್ಕೂ ಒಂದೇ. ಆದುದರಿಂದ ಚಿಕ್ಕ ಬಂಡಿಯಲ್ಲಿರುವವನ ಎದೆಯೂ ತಲೆಯೂ ಹೆಚ್ಚುಕಡಮೆ ಒಂದೂಮುಕ್ಕಾಲು ಪಾಲು ಹೆಚ್ಚಿನ ವೇಗೋತ್ಕರ್ಷಕ್ಕೆ ಗುರಿಯಾಗುವುವು. ದೊಡ್ಡ ಬಂಡಿ ಕೊಂಡವನು ತನ್ನ ಅಪಾಯವನ್ನು ಇಲ್ಲವಾಗಿಸಲಿಲ್ಲ. ಅದರ ಒಂದು ಪಾಲನ್ನು ಎದುರಿನವನಿಗೆ ವರ್ಗಾಯಿಸಿದನು. ಎದುರಿನವನು ಇದನ್ನು ಅರಿತು ತಾನೂ ದೊಡ್ಡದನ್ನೇ ಕೊಂಡರೆ ಆಶ್ಚರ್ಯವೇನು?

ಪಾದಚಾರಿಯ ವಿಷಯ ಬೇರೆ. 70 ಕಿಲೋಗ್ರಾಮಿನ ಮನುಷ್ಯನ ಮುಂದೆ ಎರಡೂ ಬಂಡಿಗಳು ಬೆಟ್ಟವೇ. ಅಲ್ಲಿ ತೂಕಕ್ಕಿಂತ ಮೂತಿಯ ಎತ್ತರ ಮುಖ್ಯ. ನಿಂತಿರುವ ವಯಸ್ಕನ ಗುರುತ್ವಕೇಂದ್ರ ನೆಲದಿಂದ ಸುಮಾರು ಒಂದು ಮೀಟರು ಮೇಲಿರುತ್ತದೆ. ತಗ್ಗಾದ ಕಾರು ಕಾಲಿಗೆ ಬಡಿದು ಅವನನ್ನು ಮೂತಿಯ ಮೇಲೆ ಉರುಳಿಸುತ್ತದೆ. ಎತ್ತರದ ಪಿಕಪ್ ಎದೆಗೇ ಬಡಿದು ಮುಂದಕ್ಕೆ ಕೆಡವುತ್ತದೆ, ಚಕ್ರ ಹಿಂದೆಯೇ ಬರುತ್ತದೆ. ಮಕ್ಕಳ ಪಾಡು ಹೇಳುವುದೇ ಬೇಡ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಸುಮಾರು 18 ಸಾವಿರ ಅಪಘಾತಗಳನ್ನು ಪರಿಶೀಲಿಸಿ, 40 ಅಂಗುಲಕ್ಕಿಂತ ಎತ್ತರದ ಮೂತಿಯ ಬಂಡಿಗಳು 30 ಅಂಗುಲದೊಳಗಿನ ಇಳಿಜಾರು ಮೂತಿಯವುಗಳಿಗಿಂತ ಪಾದಚಾರಿಯ ಪ್ರಾಣ ತೆಗೆಯುವ ಸಂಭವ ಸುಮಾರು ನೂರಕ್ಕೆ 45ರಷ್ಟು ಹೆಚ್ಚೆಂದು ಪ್ರಕಟಿಸಿತು. ಆ ದೇಶದಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ಸತ್ತರು. 2022ರಲ್ಲಿ ಸತ್ತವರು 7,500ಕ್ಕೂ ಹೆಚ್ಚು. ಇದಕ್ಕೆ ಬಂಡಿಯ ಗಾತ್ರವೊಂದೇ ಕಾರಣವಲ್ಲ. ಕತ್ತಲೆ, ವೇಗ, ಚಾಲಕನ ಕೈಯಲ್ಲಿರುವ ದೂರವಾಣಿ, ಕಾಲುದಾರಿಯಿಲ್ಲದ ರಸ್ತೆ ಇವೂ ಉಂಟು. ಆದರೂ ಗಾತ್ರವನ್ನು ಲೆಕ್ಕದಿಂದ ಬಿಡುವಂತಿಲ್ಲ.

ಕಾನೂನಿನ ಅಳತೆಗೋಲು ಲೋಹವನ್ನು ತಿದ್ದುವುದು ಅಮೆರಿಕದಲ್ಲಿ ಮಾತ್ರವಲ್ಲ. ನಮ್ಮ ದೇಶದಲ್ಲಿ 2006ರಿಂದ 4 ಮೀಟರಿಗಿಂತ ಗಿಡ್ಡದಾದ, ಚಿಕ್ಕ ಎಂಜಿನಿನ ಕಾರಿಗೆ ತೆರಿಗೆಯಲ್ಲಿ ರಿಯಾಯಿತಿಯಿದೆ. 2025ರ ಸೆಪ್ಟೆಂಬರಿನ ಬದಲಾವಣೆಯ ನಂತರವೂ ಅಂಥ ಕಾರಿಗೆ ನೂರಕ್ಕೆ 18, ದೊಡ್ಡದಕ್ಕೆ 40. ಹಿಂಭಾಗವನ್ನು ಕತ್ತರಿಸಿದಂತೆ ಕಾಣುವ, 3,995 ಮಿಲಿಮೀಟರು ಉದ್ದದ ಕಾರುಗಳು ಬೆಂಗಳೂರಿನ ಬೀದಿಗಳಲ್ಲಿ ತುಂಬಿರುವುದು ಆಕಸ್ಮಿಕವಲ್ಲ. ನಮ್ಮ ಗೆರೆ ಬಂಡಿಯನ್ನು ಕುಗ್ಗಿಸಿತು, ಅವರದು ಹಿಗ್ಗಿಸಿತು. ನಮ್ಮದರಿಂದ ಕಣ್ಣಿಗೆ ಸ್ವಲ್ಪ ಕಿರಿಕಿರಿ. ಅವರದರಿಂದ ಆಗುವ ಹಾನಿ ಹೆಚ್ಚಿನದು.

ನನ್ನ ಅಭಿಪ್ರಾಯದಲ್ಲಿ ಅಮೆರಿಕದವರು ಮೊದಲು ಮಾಡಬೇಕಾದುದು ಕೋಳಿಯ ಸುಂಕವನ್ನು ತೆಗೆದುಹಾಕುವುದು. ಅದು ಇಂದು ಯಾವ ಕೋಳಿಯನ್ನೂ ಕಾಪಾಡುತ್ತಿಲ್ಲ. ಎರಡನೆಯದು, ಗುರಿಯನ್ನು ನೆಲದ ವಿಸ್ತೀರ್ಣದಿಂದ ಬಿಡಿಸುವುದು. ಉಳಿತಾಯವಾಗಬೇಕಾದುದು ಇಂಧನ, ಅಳೆಯಬೇಕಾದುದೂ ಅದನ್ನೇ. ಇದರಿಂದ ಬಂಡಿಗಳು ಕುಗ್ಗಿ ಅಪಾಯ ಹೆಚ್ಚುವುದೆಂಬ ಹಳೆಯ ಶಂಕೆಗೆ ಸಂವೇಗದ ನಿಯಮವೇ ಉತ್ತರ ಕೊಡುತ್ತದೆ: ಎಲ್ಲವೂ ಒಟ್ಟಿಗೆ ಹಗುರವಾದರೆ ಯಾವುದೂ ಇನ್ನೊಂದಕ್ಕೆ ಬೆಟ್ಟವಾಗುವುದಿಲ್ಲ. ಮೂತಿಯ ಎತ್ತರಕ್ಕೂ ಒಂದು ಮಿತಿ ಬೇಕು.

2025ರಲ್ಲಿ ಅಮೆರಿಕದ ಶಾಸನಸಭೆ ಇದಾವುದನ್ನೂ ಮಾಡದೆ, ಮೈಲಿಯ ಗುರಿಯನ್ನು ತಪ್ಪಿದ ತಯಾರಕರಿಗಿದ್ದ ದಂಡವನ್ನು ಸೊನ್ನೆಗೆ ಇಳಿಸಿತು. ಅಳತೆಗೋಲು ಪುಸ್ತಕದಲ್ಲಿ ಉಳಿಯಿತು, ಅದರ ಹಿಂದಿದ್ದ ಬೆತ್ತ ಹೋಯಿತು. ದೊಡ್ಡ ಬಂಡಿ ತಯಾರಿಸಲು ಕಾನೂನು ಕೊಡುತ್ತಿದ್ದ ಪ್ರೋತ್ಸಾಹ ಇದರಿಂದ ದುರ್ಬಲವಾಯಿತು. ಇಂಧನ ಉಳಿಸಲು ಇದ್ದ ಒತ್ತಾಯವೂ ಅದರೊಡನೆಯೇ ಹೋಯಿತು. ನೂರಕ್ಕೆ 25ರ ಸುಂಕ ಮಾತ್ರ ಇದ್ದಲ್ಲಿಯೇ ಇದೆ.