ತೆರೆದ ಬಾಗಿಲಿನ ಪ್ರಾರ್ಥನೆ

ಪುಣೆಯಿಂದ ಸೊಲ್ಲಾಪುರ, ಕಲಬುರ್ಗಿಗಳ ದಾರಿಯಾಗಿ ಊರಿಗೆ ಹೋಗುವ ನಮ್ಮವರು ದೌಂಡ್ ಜಂಕ್ಷನ್ನಿಗೆ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ದಾಟುತ್ತಾರೆ. ಅಲ್ಲಿನ ಮುಕ್ತಿ ಮಿಶನ್ನನ್ನು ಕಟ್ಟಿದ ಪಂಡಿತಾ ರಮಾಬಾಯಿ ಕನ್ನಡ ನೆಲದಲ್ಲಿ ಹುಟ್ಟಿದವರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವರ ಜನನ. ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆಯವರು ತಂದೆ. ಮಹಾರಾಷ್ಟ್ರವು ಅವರನ್ನು ತನ್ನ ಸುಧಾರಕರ ಸಾಲಿನಲ್ಲಿ ಸೇರಿಸಿಕೊಂಡಿದೆ. ನಾವು ಮಾತ್ರ ರಾಜ್ಯೋತ್ಸವದ ವೇದಿಕೆಯಿಂದ ಒಮ್ಮೆಯೂ ಅವರ ಹೆಸರೆತ್ತುವುದಿಲ್ಲ.

ಇಂದು ಆ ಹೆಸರನ್ನೆತ್ತಲು ಕಾರಣವಿದೆ. ಕ್ರೈಸ್ತರ ಪ್ರಾರ್ಥನೆ ಮತ್ತು ವಿಶ್ವಾಸ ಪ್ರಸಾರವನ್ನು ಕುರಿತು ಎರಡು ಮಾತುಗಳು ನಮ್ಮ ನಡುವೆ ಕೇಳಿಬರುತ್ತಿವೆ. ಒಂದು ಸಭೆಯ ಒಳಗಿನದು: 'ಈ ವರ್ಷ ಎಷ್ಟು ಜನರನ್ನು ತಂದಿರಿ?' ಇನ್ನೊಂದು ಹೊರಗಿನದು: 'ಕ್ರೈಸ್ತನು ಪ್ರಾರ್ಥಿಸಿದರೆ ಅದು ಮತಾಂತರದ ಪೀಠಿಕೆ, ಅನ್ನವಿಕ್ಕಿದರೆ ಅದು ಆಮಿಷ.' ಕನ್ನಡದಲ್ಲಿಯೇ ಕರ್ತನ ಪ್ರಾರ್ಥನೆಯನ್ನು ಕಲಿತು ಬೆಳೆದ ನಾನು ಎರಡನ್ನೂ ಕೇಳಿದ್ದೇನೆ. ಮೇಲುನೋಟಕ್ಕೆ ಶತ್ರುಗಳಂತೆ ಕಾಣುವ ಈ ಎರಡು ಮಾತುಗಳು ವಾಸ್ತವವಾಗಿ ಒಡಹುಟ್ಟಿದವು. ಎರಡೂ ವಿಶ್ವಾಸವನ್ನು ತಲೆಯೆಣಿಕೆಯ ವ್ಯವಹಾರವೆಂದೇ ಭಾವಿಸಿವೆ.

ರಮಾಬಾಯಿಯವರ ಬದುಕು ಈ ಎರಡಕ್ಕೂ ಉತ್ತರ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಸದನದಲ್ಲಿ ಮತಬೋಧನೆ ಇರುವುದಿಲ್ಲವೆಂಬುದು ಕರಾರು. ಹಿಂದೂ ಹುಡುಗಿಯರಿಗೆ ತಮ್ಮ ಆಚಾರಗಳನ್ನು ಪಾಲಿಸುವ ಸ್ವಾತಂತ್ರ್ಯವಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತರು. ಅದೇ ದೊಡ್ಡ ವಿವಾದವಾಯಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರ್ಕರರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರಬಂದರು.

ಆಕ್ಷೇಪಿಸಿದವರೆಲ್ಲ ದುಷ್ಟರೆಂದು ನಾನು ಹೇಳಲಾರೆ. ಹಸಿದವನಿಗೆ ಅನ್ನವಿತ್ತವರ ದೇವರನ್ನು ಬೇಡವೆನ್ನುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿದಿರುತ್ತದೆ ಎಂಬ ಪ್ರಶ್ನೆ ಅಂದೂ ನ್ಯಾಯವಾದುದು, ಇಂದೂ ನ್ಯಾಯವಾದುದು. ಅದನ್ನು ಕೇಳಿದೊಡನೆ ಸಿಡಿಮಿಡಿಗೊಳ್ಳುವ ಕ್ರೈಸ್ತನು ತನ್ನ ವಿಶ್ವಾಸಕ್ಕೇ ಅಪಚಾರ ಮಾಡುತ್ತಾನೆ. ಆದರೆ ಆ ಪ್ರಶ್ನೆಗೆ ಉತ್ತರವೂ ಅದೇ ಸದನದಲ್ಲಿದೆ. ಅಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ವಿಧವೆ ಗೋದೂಬಾಯಿ ಅಲ್ಲಿಯೇ ಉಂಡು, ಅಲ್ಲಿಯೇ ಓದಿದರು, ಕ್ರೈಸ್ತರಾಗಲಿಲ್ಲ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾಗಿ ಆನಂದೀಬಾಯಿ ಕರ್ವೆ ಎನಿಸಿದರು. ಮುಂದೆ 1896ರಲ್ಲಿ ಕರ್ವೆಯವರು ಪುಣೆಯಲ್ಲಿ ವಿಧವೆಯರ ಆಶ್ರಮವನ್ನು ಆರಂಭಿಸಿದರು. ನಿತ್ಯವೂ ಕರ್ವೆ ರಸ್ತೆಯಲ್ಲಿ ಓಡಾಡುವ ನಾವು ಇದನ್ನು ನೆನೆಯಬೇಕು. ತೆರೆದ ಬಾಗಿಲಿನಿಂದ ಒಳಗೆ ಬರಬಹುದು, ಹಾಗೆಯೇ ಹೊರಗೂ ಹೋಗಬಹುದು. ಎರಡನೆಯದಕ್ಕೆ ಅವಕಾಶವಿಲ್ಲದ ಕಡೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಇಲ್ಲಿ ಸತ್ಯವೇದವನ್ನು ಬಲ್ಲವರು ಒಂದು ಮಾತು ಎತ್ತಬಹುದು: ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಯೇಸುವೇ ಬೋಧಿಸಲಿಲ್ಲವೇ? ಹೌದು. ಆದರೆ ಆ ಬೋಧೆ ಜನರ ಕಣ್ಣಿಗೆ ಬೀಳಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವ ಡಂಭದ ವಿರುದ್ಧವಾದುದು. ರಮಾಬಾಯಿಯವರು ಪ್ರದರ್ಶನಕ್ಕಾಗಿ ಬಾಗಿಲು ತೆರೆಯಲಿಲ್ಲ; ಮರೆಮಾಚುವಂಥದೇನೂ ತಮ್ಮಲ್ಲಿಲ್ಲವೆಂದು ತೆರೆದಿಟ್ಟರು. ಇಂದು ಧ್ವನಿವರ್ಧಕ ಕಟ್ಟಿ, ರೋಗಶಮನದ ಭರವಸೆಯ ಭಿತ್ತಿಪತ್ರ ಹಚ್ಚಿ, ಪ್ರಾರ್ಥನೆಯನ್ನು ಸಂತೆಯಾಗಿಸುವವರಿಗೂ, ಏನು ನಡೆಸುತ್ತಿದ್ದೇವೆಂಬುದನ್ನು ನೆರೆಯವರಿಗೆ ತಿಳಿಸದೆ ಗುಟ್ಟಾಗಿ ಕೂಡುವವರಿಗೂ ಇದರಲ್ಲಿ ಪಾಠವಿದೆ.

ಸಭೆಯೊಳಗಿನ ನನ್ನ ಸಹೋದರ ಸಹೋದರಿಯರಿಗೆ ಇನ್ನೊಂದು ಮಾತು. 1905ರಲ್ಲಿ ಮುಕ್ತಿಯಲ್ಲಿ ನಡೆದ ಆತ್ಮಿಕ ಉಜ್ಜೀವನವನ್ನು ನಾವು ರೋಮಾಂಚನದಿಂದ ಸ್ಮರಿಸುತ್ತೇವೆ. ಅದಕ್ಕೆ ಮೊದಲು ಏನು ನಡೆದಿತ್ತು? 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದ ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದ್ದು, ಬಾವಿ ತೋಡಿಸಿದ್ದು, ಹೊಲ ಬೆಳೆದದ್ದು, ಮಗ್ಗ ಮತ್ತು ಮುದ್ರಣಾಲಯ ನಡೆಸಿದ್ದು. 1912ರಲ್ಲಿ ಕಲಬುರ್ಗಿಯಲ್ಲಿ ಶಾಲೆ ತೆರೆದದ್ದೂ ಇದೇ ತಾಯಿ, ಮಗಳು ಮನೋರಮೆಯ ನೆರವಿನೊಡನೆ. ವಿಶ್ವಾಸ, ನಿರೀಕ್ಷೆ, ಪ್ರೀತಿ ಎಂಬ ಮೂರು ಗುಣಗಳಲ್ಲಿ ಪ್ರೀತಿಯನ್ನೇ ಶ್ರೇಷ್ಠವೆಂದು ಭಾನುವಾರ ಓದಿ, ಸೋಮವಾರ ಸಭೆಯ ಚುನಾವಣೆಗೂ ಆಸ್ತಿಗೂ ನ್ಯಾಯಾಲಯದ ಮೆಟ್ಟಿಲೇರುವ ನಾವು ಯಾರಿಗೆ ಯಾವ ಸುವಾರ್ತೆಯನ್ನು ಹಂಚಬಲ್ಲೆವು? ದೀನತೆಯಿಲ್ಲದ ಪ್ರಾರ್ಥನೆ ಕೂಗಾಟ. ತಾಳ್ಮೆಯಿಲ್ಲದ ಸಾಕ್ಷಿ ಜಗಳ. ಬೋಧಕರ ಮಾತೇ ಅಂತಿಮವೆನ್ನುವವರು ಇದನ್ನೂ ನೆನೆಯಲಿ: ದೀಕ್ಷೆ ಪಡೆದ ಮೇಲೂ ರಮಾಬಾಯಿಯವರು ತಮ್ಮ ಆಂಗ್ಲ ಗುರುಗಳೊಡನೆ ಪತ್ರಗಳಲ್ಲಿ ವಾದಿಸಿ, ತಮ್ಮ ಅಂತಃಸಾಕ್ಷಿಯನ್ನು ಯಾವ ಪುರೋಹಿತ ವರ್ಗಕ್ಕೂ ಒತ್ತೆಯಿಡಲು ಒಪ್ಪಲಿಲ್ಲ.

ಕಾನೂನಿನ ಮಾತಿಗೆ ಬರೋಣ. ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರದ ಹಕ್ಕನ್ನು ಕೊಟ್ಟಿದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಚಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಸುವುದೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದಿತು. ನಮ್ಮವರಲ್ಲಿ ಅನೇಕರಿಗೆ ಇದು ಅಸಮಾಧಾನ. ನನಗಿಲ್ಲ. ಮನಸ್ಸನ್ನು ತಿರುಗಿಸುವುದು ದೇವರ ಕೆಲಸವೆಂದು ನಂಬಿದವನಿಗೆ 'ನಾನು ತಿರುಗಿಸಿದೆ' ಎನ್ನುವ ಹಕ್ಕು ಏಕೆ ಬೇಕು? ಆದರೆ ಅದೇ ತರ್ಕ ಸರ್ಕಾರಕ್ಕೂ ಸಲ್ಲಬೇಕು. ಮತಾಂತರ ಹೊಂದಬಯಸುವವನು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂಬ ಕಾಯಿದೆಯನ್ನು ಕರ್ನಾಟಕವು 2022ರಲ್ಲಿ ತಂದಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಡತಗಳ ನಡುವೆಯೇ ವಯಸ್ಸು ಕಳೆದ ನಾನು ಇಷ್ಟನ್ನು ಬಲ್ಲೆ: ಬಲಾತ್ಕಾರವನ್ನೂ ವಂಚನೆಯನ್ನೂ ಕಡತದಲ್ಲಿ ಹಿಡಿಯಬಹುದು, ಹಿಡಿದು ಶಿಕ್ಷಿಸಲೂಬೇಕು, ಅಂತಃಕರಣಕ್ಕೆ ನಮೂನೆಯಿಲ್ಲ, ಮೊಹರಿಲ್ಲ.

ತಮ್ಮ ಕೊನೆಯ ವರ್ಷಗಳನ್ನು ರಮಾಬಾಯಿಯವರು ಸತ್ಯವೇದವನ್ನು ಸಾಮಾನ್ಯರಿಗೂ ತಿಳಿಯುವ ಸರಳ ಮರಾಠಿಗೆ ತರುವುದರಲ್ಲಿ ಕಳೆದರು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ದುಡಿಮೆ. ಸಂಸ್ಕೃತ ಪಂಡಿತೆಯೊಬ್ಬರು ತಮ್ಮ ಪಾಂಡಿತ್ಯವನ್ನು ಅಡಗಿಸಿಟ್ಟು ಕೇಳುವವರ ನುಡಿಗೆ ಬಾಗಿದರು. ವಿಶ್ವಾಸ ಹಂಚುವುದೆಂದರೆ ಮೊದಲು ಹೀಗೆ ಬಾಗುವುದು. ಕಿಟ್ಟೆಲರ 1894ರ ನಿಘಂಟನ್ನು ಹೆಮ್ಮೆಯಿಂದ ಹೊಗಳುವ ಕನ್ನಡಿಗನು, ಆ ಶ್ರಮದ ಹಿಂದಿದ್ದ ಪ್ರಾರ್ಥನೆಯನ್ನು ಪರಕೀಯವೆನ್ನುವುದು ಸರಿಯಲ್ಲ. ಮಕ್ಕಳಿಗೆ ಕನ್ನಡದ ಕರ್ತನ ಪ್ರಾರ್ಥನೆಯನ್ನೇ ಕಲಿಸದ ಕ್ರೈಸ್ತ ತಂದೆತಾಯಿಗಳು ಕಿಟ್ಟೆಲರ ಹೆಸರು ಹೇಳಿ ಬೀಗುವುದೂ ಸರಿಯಲ್ಲ.

ಮುಂದಿನ ಬಾರಿ ಊರಿಗೆ ಹೋಗುವಾಗ ಕೇಡಗಾಂವ್ ಬಂದಾಗ ಕಿಟಕಿಯಾಚೆ ಒಮ್ಮೆ ನೋಡಿ. ಕ್ರೈಸ್ತರಾದವರು ತಮ್ಮ ಮನೆಯ ಬಾಗಿಲು ತೆರೆದಿದೆಯೇ ಎಂದು ಕೇಳಿಕೊಳ್ಳಲಿ. ಉಳಿದವರು, ತೆರೆದಿರುವ ಬಾಗಿಲಿಗೆ ಕಲ್ಲೆಸೆಯುವ ಮೊದಲು ಒಳಗೆ ಇಣುಕಿಯಾದರೂ ನೋಡಿದ್ದೇವೆಯೇ ಎಂದು ಕೇಳಿಕೊಳ್ಳಲಿ.