ಹೊಸ ಊರಿನಲ್ಲಿ ಮೊದಲ ಆರು ವಾರ

ಮದುವೆಯಾಗಿ ಅಮೆರಿಕದ ಯೂಟಾ ರಾಜ್ಯದ ಲೀಹೈಗೆ ನಾನು ಬಂದಿಳಿದದ್ದು 2012ರ ಡಿಸೆಂಬರ್‌ನಲ್ಲಿ. ಕಿಟಕಿಯಾಚೆ ವಾಸಾಚ್ ಬೆಟ್ಟಗಳು, ಅಂಗಳದ ತುಂಬ ಹಿಮ. ಗಂಡ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋದರೆ ಸಂಜೆ ಆರರವರೆಗೆ ಮನೆಯಲ್ಲಿ ನಾನೊಬ್ಬಳೇ. ಎಚ್-4 ವೀಸಾ ಆದ್ದರಿಂದ ಕೆಲಸ ಮಾಡುವಂತಿಲ್ಲ. ಕಾರು ಓಡಿಸಲು ಬಾರದು. ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡೋಣವೆಂದರೆ ಶಿವಮೊಗ್ಗದಲ್ಲಿ ನಡುರಾತ್ರಿ.

ಮೂರನೇ ವಾರ ಇಬ್ಬರು ಹುಡುಗಿಯರು ಬಂದು ಬಾಗಿಲು ತಟ್ಟಿದರು. ಉದ್ದ ಲಂಗ, ದಪ್ಪ ಕೋಟು, ಎದೆಯ ಮೇಲೆ ಕಪ್ಪು ಬಣ್ಣದ ಹೆಸರಿನ ಪಟ್ಟಿ. ಮಾರ್ಮನ್ ಮಿಷನರಿಗಳು. ‘ನಮಗೆ ನಮ್ಮ ಧರ್ಮವಿದೆ, ಕ್ಷಮಿಸಿ’ ಎಂದು ಬಾಗಿಲು ಹಾಕಲು ಹೋದೆ. ‘ಪರವಾಗಿಲ್ಲ, ಮೆಟ್ಟಿಲ ಮೇಲಿನ ಹಿಮವನ್ನಾದರೂ ತೆಗೆದುಕೊಡಲೇ?’ ಎಂದಳು ಒಬ್ಬಳು. ಅವಳು ಫಿಲಿಪ್ಪೀನ್ಸ್‌ನವಳು. ಊರಿಗೆ ಬಂದು ಹತ್ತು ದಿನವಾಗಿತ್ತಂತೆ. ಹಿಮ ಕಂಡದ್ದೂ ಅದೇ ಮೊದಲಂತೆ. ಸಲಿಕೆ ಹೇಗೆ ಹಿಡಿಯಬೇಕೆಂದು ಜೊತೆಗಾತಿ ಅವಳಿಗೆ ತೋರಿಸುತ್ತಿದ್ದಳು. ಕೆಲಸ ಮುಗಿದ ಮೇಲೆ ಚಹಾ ಕೊಟ್ಟೆ, ಮುಟ್ಟಲಿಲ್ಲ. ಅವರಿಗೆ ಕಾಫಿ, ಚಹಾ ನಿಷಿದ್ಧವೆಂದು ಆಗ ಗೊತ್ತಾಯಿತು. ಬೆಲ್ಲ ಹಾಕಿದ ಬಿಸಿ ಹಾಲು ಕೊಟ್ಟೆ, ಕುಡಿದರು.

ಫೆಬ್ರುವರಿಯಲ್ಲಿ ಅದೇ ಹುಡುಗಿ ಮತ್ತೆ ಕಂಡಳು. ಹಳೆಯ ಜೊತೆಗಾತಿಗೆ ಬೇರೆ ಊರಿಗೆ ವರ್ಗವಾಗಿತ್ತು. ಈಗ ಇವಳೇ ಹೊಸಬಳೊಬ್ಬಳಿಗೆ ದಾರಿ ತೋರಿಸುತ್ತಿದ್ದಳು. ಆ ತಿರುವಿನಲ್ಲಿ ಜಾರುತ್ತದೆ, ಈ ಮನೆಯ ಅಜ್ಜಿಗೆ ಕಿವಿ ಮಂದ, ಗಟ್ಟಿಯಾಗಿ ಮಾತಾಡು ಎನ್ನುತ್ತಿದ್ದಳು. ಹೆಚ್ಚುಕಡಿಮೆ ಒಟ್ಟಿಗೇ ಬಂದ ನನಗೆ ಆ ಹೊತ್ತಿಗೆ ಅರ್ಧ ಮೈಲಿ ದೂರದ ಲೈಬ್ರರಿಯೂ ಗೊತ್ತಿರಲಿಲ್ಲ.

ಅವಳಿಗೆ ಧೈರ್ಯ ಹೆಚ್ಚು, ನನಗೆ ಕಡಿಮೆ ಎಂದೇ ಬಹುಕಾಲ ತಿಳಿದಿದ್ದೆ. ಈ ಜನರ ನಡುವೆ ವರ್ಷಗಟ್ಟಲೆ ಬದುಕಿದ ಮೇಲೆ ಗೊತ್ತಾಗಿದೆ, ಅದು ಧೈರ್ಯದ ಮಾತಲ್ಲ, ವ್ಯವಸ್ಥೆಯ ಮಾತು.

ಮಾರ್ಮನ್ ಹುಡುಗರು 18 ತುಂಬಿದ ಮೇಲೆ ಎರಡು ವರ್ಷ, ಹುಡುಗಿಯರು 18 ತಿಂಗಳು ಮಿಷನ್ ಸೇವೆಗೆ ಹೋಗುತ್ತಾರೆ. ಊರನ್ನು ಅವರು ಆರಿಸಿಕೊಳ್ಳುವಂತಿಲ್ಲ. ಚರ್ಚ್ ಕಳಿಸಿದಲ್ಲಿಗೆ ಹೋಗಬೇಕು. ಅದು ಬ್ರೆಜಿಲ್ ಆಗಬಹುದು, ಜಪಾನ್ ಆಗಬಹುದು, 1993ರಿಂದ ಮಿಷನ್ ಕೇಂದ್ರವಿರುವ ನಮ್ಮ ಬೆಂಗಳೂರೂ ಆಗಬಹುದು. ಅಲ್ಲಿಗೆ ಹೋದ ಮೇಲೂ ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಆದರೆ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ 12 ವಾರ ಕಲಿಸುವ ಹೊಣೆ ಹಳಬರೊಬ್ಬರದು. ಜೋಡಿಯಲ್ಲಿ ಸಾಮಾನ್ಯವಾಗಿ ಒಬ್ಬರನ್ನು ಎತ್ತಿದರೆ ಊರು ಬಲ್ಲ ಇನ್ನೊಬ್ಬರು ಉಳಿಯುತ್ತಾರೆ. ಯಾವ ಬೀದಿಯಲ್ಲಿ ಯಾರಿದ್ದಾರೆ, ಯಾರಿಗೆ ಏನು ಬೇಕು ಎಂಬ ದಾಖಲೆ ಕೈಯಿಂದ ಕೈಗೆ ಬರುತ್ತದೆ.

ಇದನ್ನು ಹೊಗಳುವಾಗ ಎರಡು ಮಾತು ಹೇಳಬೇಕು. ಮನೆ ಮನೆಗೆ ಹೋಗಿ ಮತ ಪ್ರಚಾರ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆ ಬದುಕು ಹೂವಿನ ಹಾಸಿಗೆಯೂ ಅಲ್ಲ. 2019ರವರೆಗೆ ಅವರು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಸಲ. ಈಗ ವಾರಕ್ಕೊಮ್ಮೆ ಮಾಡಬಹುದು. ನಮ್ಮ ಪಕ್ಕದ ಮನೆಯ ಹುಡುಗ ನಾಲ್ಕೇ ತಿಂಗಳಿಗೆ ಸೋತು ಮರಳಿ ಬಂದ. ಅವನ ತಾಯಿ ಕೆಲವು ದಿನ ಯಾರಿಗೂ ಮುಖ ತೋರಿಸಲಿಲ್ಲ. ಜೊತೆಯಿದ್ದ ಮಾತ್ರಕ್ಕೆ ಎಲ್ಲರೂ ಗೆಲ್ಲುವುದಿಲ್ಲ. ಆದರೆ ಜೊತೆಯೇ ಇಲ್ಲದವರ ಪಾಡು ಇನ್ನೂ ಕಷ್ಟ.

ನಮ್ಮವರ ವಿಷಯಕ್ಕೆ ಬರೋಣ. ಹೊರದೇಶಗಳಲ್ಲಿ ನಮ್ಮ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳನ್ನು ಚೆನ್ನಾಗಿಯೇ ಮಾಡುತ್ತವೆ. ಹೋಳಿಗೆಯಿಂದ ಹಿಡಿದು ಯಕ್ಷಗಾನದವರೆಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಹಬ್ಬಕ್ಕೆ ಬರುವವರು ಆಗಲೇ ನೆಲೆ ನಿಂತವರು. ಮೊನ್ನೆ ಬಂದಿಳಿದ ಹೆಣ್ಣುಮಗಳು, ಮಗನ ಮನೆಗೆ ಆರು ತಿಂಗಳಿಗೆಂದು ಬಂದು ಸೋಫಾದ ಮೇಲೆ ದಿನ ಎಣಿಸುವ ಅಪ್ಪ-ಅಮ್ಮ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಚ್-4ನಲ್ಲಿರುವ ಕೆಲವರಿಗೆ 2015ರಿಂದ ಕೆಲಸದ ಅನುಮತಿ ಸಿಗುತ್ತಿದೆ, ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಬೇಕು. ಹೊಸದಾಗಿ ಬಂದವರ ಮೊದಲ ಚಳಿಗಾಲ ಈಗಲೂ ಬಹುಪಾಲು ನನ್ನದರಂತೆಯೇ ಇರುತ್ತದೆ.

‘ವಾಟ್ಸ್‌ಆ್ಯಪ್ ಗುಂಪು ಇದೆಯಲ್ಲ’ ಎನ್ನುವವರಿದ್ದಾರೆ. ಕರಿಬೇವು ಎಲ್ಲಿ ಸಿಗುತ್ತದೆ ಎಂದು ಗುಂಪು ಹೇಳುತ್ತದೆ. ಆದರೆ ಮೊದಲ ಸಲ ಸ್ಟಿಯರಿಂಗ್ ಹಿಡಿದಾಗ ಪಕ್ಕದ ಸೀಟಿನಲ್ಲಿ ಬಂದು ಕೂರುವುದಿಲ್ಲ.

ಪ್ರತಿ ಕೂಟವೂ ಒಂದು ಸಣ್ಣ ಕೆಲಸ ಮಾಡಲಿ. ಹೊಸದಾಗಿ ಬಂದ ಒಬ್ಬೊಬ್ಬರಿಗೂ ಆರು ವಾರದ ಮಟ್ಟಿಗೆ ಒಬ್ಬ ಜೊತೆಗಾರರನ್ನು ಗೊತ್ತುಮಾಡಲಿ. ವಾರಕ್ಕೆ ಎರಡು ಗಂಟೆ ಸಾಕು. ಲೈಬ್ರರಿ ಕಾರ್ಡು, ರೈಲಿನ ಟಿಕೆಟ್ಟು, ಲೈಸೆನ್ಸ್ ಪರೀಕ್ಷೆ, ಎಡಬಲದ ಮನೆಯವರ ಪರಿಚಯ. ಇಷ್ಟಾದರೆ ಊರಿನ ಬಾಗಿಲು ಅರ್ಧ ತೆರೆದಂತೆ. ಈ ಕೆಲಸಕ್ಕೆ ಇಪ್ಪತ್ತು ವರ್ಷದ ಹಿರಿಯರಿಗಿಂತ ಹೋದ ವರ್ಷ ಬಂದವರೇ ಮೇಲು. ಎಲ್ಲಿ ಜಾರುತ್ತದೆ ಎಂಬುದು ಅವರಿಗಿನ್ನೂ ನೆನಪಿರುತ್ತದೆ.

ಕಳೆದ ಚಳಿಗಾಲದಲ್ಲಿ ಹಾಸನದಿಂದ ಬಂದ ಹುಡುಗಿಯೊಬ್ಬಳ ಜೊತೆ ನಾನು ಇದನ್ನು ಮಾಡಿ ನೋಡಿದೆ. ಮೊದಲ ವಾರ ದಿನಕ್ಕೆ ನಾಲ್ಕು ಸಲ ‘ಅಕ್ಕಾ’ ಎಂದು ಫೋನ್ ಮಾಡುತ್ತಿದ್ದಳು. ಆರನೇ ವಾರದ ಹೊತ್ತಿಗೆ ಫೋನ್ ನಿಂತೇಹೋಯಿತು. ಯಾಕಮ್ಮಾ ಎಂದು ಕೇಳಿದರೆ, ‘ಪುರುಸೊತ್ತೇ ಇಲ್ಲ ಅಕ್ಕಾ’ ಎಂದಳು. ನನಗೆ ಬೇಕಾಗಿದ್ದದ್ದೂ ಅದೇ.